ಗಣಕಯಂತ್ರಕ್ಕೊಂದು ಓವರ್‌ಡ್ರಾಫ್ಟ್: ಲಿನಕ್ಸ್ ಸರ್ವರಿನಲ್ಲಿ ಸ್ವಾಪ್ ಸ್ಥಳ

ಮಾಸಿಕ ಜಿಎಸ್‌ಟಿಆರ್-1 ಸಲ್ಲಿಕೆಗೆ ಮರುತಿಂಗಳ 11ನೇ ತಾರೀಖು ಗಡುವು. ಆ ಹೊತ್ತಿಗೆ ಕಚೇರಿಯಲ್ಲಿ ಒಬ್ಬರು ಮಾರಾಟದ ವಹಿಯನ್ನೂ ಇನ್ನೊಬ್ಬರು ದಾಸ್ತಾನಿನ ವರದಿಯನ್ನೂ ಏಕಕಾಲಕ್ಕೆ ತೆರೆಯುತ್ತಾರೆ. ಇಆರ್‌ಪಿನೆಕ್ಸ್ಟ್‌ನಂತಹ ಮುಕ್ತ ತಂತ್ರಾಂಶವನ್ನು 2 ಜಿಬಿ ಸ್ಮರಣೆಯ ಲಿನಕ್ಸ್ ಸರ್ವರಿನಲ್ಲಿ ನಡೆಸುತ್ತಿರುವ ಸಂಸ್ಥೆಗಳಲ್ಲಿ ಇಂಥ ವೇಳೆಯಲ್ಲೇ ತಂತ್ರಾಂಶ ಹಠಾತ್ತನೆ ನಿಂತುಬಿಡುವುದುಂಟು. ಹೊಸ ಯಂತ್ರಕ್ಕೆ ಹಣ ಹೂಡುವ ಮುನ್ನ ಕಾರಣವನ್ನು ಅರಿಯುವುದು ಲೇಸು.

ಸ್ಮರಣೆ, ಅಂದರೆ ರ‍್ಯಾಮ್, ಪೂರ್ಣ ತುಂಬಿದಾಗ ಲಿನಕ್ಸ್ ಹೆಚ್ಚು ಸ್ಮರಣೆ ಹಿಡಿದಿರುವ ಕಾರ್ಯವೊಂದನ್ನು ತಾನೇ ಕೊನೆಗೊಳಿಸುತ್ತದೆ. ಲೆಕ್ಕಪತ್ರದ ಸರ್ವರಿನಲ್ಲಿ ಅದು ಬಹುಮಟ್ಟಿಗೆ ದತ್ತಸಂಚಯವೇ ಆಗಿರುತ್ತದೆ. ಪೂರ್ಣಗೊಂಡ ನಮೂದುಗಳು ಸಾಮಾನ್ಯವಾಗಿ ಉಳಿಯುತ್ತವೆ; ಅರ್ಧದಲ್ಲಿದ್ದವು ರದ್ದಾಗುತ್ತವೆ. ಯಾವುದು ಉಳಿಯಿತು, ಯಾವುದು ಹೋಯಿತು ಎಂದು ತಾಳೆ ನೋಡುವುದರಲ್ಲೇ ಗಡುವಿನ ದಿನ ಕಳೆಯುತ್ತದೆ.

ಸ್ವಾಪ್ ಎಂದರೆ ಇಂಥ ಸಂದರ್ಭಕ್ಕಾಗಿ ಡಿಸ್ಕಿನಲ್ಲಿ ಕಾದಿರಿಸಿದ ಸ್ಥಳ. ಸದ್ಯ ಬಳಕೆಯಲ್ಲಿಲ್ಲದ ಮಾಹಿತಿಯನ್ನು ರ‍್ಯಾಮ್‌ನಿಂದ ಅಲ್ಲಿಗೆ ಸರಿಸಿ ಜಾಗ ತೆರವು ಮಾಡಲಾಗುತ್ತದೆ. ರ‍್ಯಾಮ್ ಸ್ವಂತ ಬಂಡವಾಳವಾದರೆ ಸ್ವಾಪ್ ಬ್ಯಾಂಕಿನ ಓವರ್‌ಡ್ರಾಫ್ಟ್. ಬಡ್ಡಿಯೂ ಇದೆ: ರ‍್ಯಾಮ್‌ಗಿಂತ ಎಸ್‌ಎಸ್‌ಡಿ ಸುಮಾರು ಸಾವಿರ ಪಟ್ಟು, ತಿರುಗುವ ಹಾರ್ಡ್‌ಡಿಸ್ಕ್ ಲಕ್ಷ ಪಟ್ಟಿನಷ್ಟು ನಿಧಾನ.

ಕ್ಲೌಡ್ ಮೂಲಕ ಬಾಡಿಗೆಗೆ ದೊರೆಯುವ ಸಣ್ಣ ಸರ್ವರ್‌ಗಳಲ್ಲಿ ಹಲವು ಸ್ವಾಪ್ ಇಲ್ಲದೆಯೇ ಬರುತ್ತವೆ. 'ಫ್ರೀ' ಎಂಬ ಆಜ್ಞೆ ಕೊಟ್ಟಾಗ ಸ್ವಾಪ್ ಸಾಲಿನಲ್ಲಿ ಸೊನ್ನೆ ಕಂಡರೆ ಇಲ್ಲವೆಂದೇ ಅರ್ಥ. ಇದಕ್ಕಾಗಿ ಡಿಸ್ಕನ್ನು ಮರುವಿಭಜಿಸಬೇಕಿಲ್ಲ, ಕಾರ್ಯಾಚರಣ ವ್ಯವಸ್ಥೆಯನ್ನು ಮತ್ತೆ ಸ್ಥಾಪಿಸಬೇಕಿಲ್ಲ; ಒಂದು ಕಡತ ಸಾಕು. ಉಬುಂಟು ಸಹ 2017ರ 17.04 ಆವೃತ್ತಿಯಿಂದ ಹೊಸ ಸ್ಥಾಪನೆಗಳಲ್ಲಿ ಪ್ರತ್ಯೇಕ ವಿಭಾಗದ ಬದಲು ಕಡತವನ್ನೇ ರೂಢಿಗೆ ತಂದಿತು.

ಮೊದಲು ದತ್ತಾಂಶದ ಪ್ರತಿ ತೆಗೆದಿರಿಸಿ, ಡಿಸ್ಕಿನಲ್ಲಿ ಸಾಕಷ್ಟು ಖಾಲಿ ಜಾಗವಿದೆಯೇ ನೋಡಬೇಕು. ಬಳಿಕ 'ಡಿಡಿ' ಆಜ್ಞೆಯಿಂದ ಬೇಕಾದ ಗಾತ್ರದ ಕಡತ ರಚಿಸಿ, ವ್ಯವಸ್ಥಾಪಕನ ಹೊರತು ಬೇರಾರೂ ಓದದಂತೆ ಅನುಮತಿಯನ್ನು 600 ಎಂದು ನಿಗದಿಪಡಿಸಬೇಕು. 'ಎಂಕೆಸ್ವಾಪ್' ಅದನ್ನು ಸಿದ್ಧಗೊಳಿಸುತ್ತದೆ. 'ಸ್ವಾಪ್‌ಆನ್' ಬಳಕೆಗೆ ತರುತ್ತದೆ. ಸರ್ವರನ್ನು ನಿಲ್ಲಿಸುವ ಅಗತ್ಯವೂ ಇಲ್ಲ. ಆದರೆ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಒಂದು ಸಾಲು ಸೇರಿಸದಿದ್ದರೆ ಯಂತ್ರ ಮರುಚಾಲನೆಗೊಂಡಾಗ ಈ ಏರ್ಪಾಡು ಇಲ್ಲವಾಗುತ್ತದೆ. ಹೆಚ್ಚಾಗಿ ಮರೆತುಹೋಗುವ ಹಂತ ಇದೇ. ಆ ಕಡತವನ್ನು ತಿದ್ದುವ ಮುನ್ನ ಅದರದೊಂದು ಪ್ರತಿ ಇಟ್ಟುಕೊಳ್ಳಬೇಕು. ಅಲ್ಲಿನ ತಪ್ಪು ಯಂತ್ರ ಆರಂಭವಾಗುವುದನ್ನೇ ತಡೆಯಬಲ್ಲದು.

ಗಾತ್ರದ ವಿಷಯದಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಮಾರ್ಗಸೂಚಿ ಉಪಯುಕ್ತ: 2 ಜಿಬಿವರೆಗಿನ ರ‍್ಯಾಮ್‌ಗೆ ಅದರ ಇಮ್ಮಡಿ, 2ರಿಂದ 8 ಜಿಬಿವರೆಗೆ ಅಷ್ಟೇ, ಅದಕ್ಕೂ ಮೇಲೆ 64 ಜಿಬಿವರೆಗೆ ಕನಿಷ್ಠ 4 ಜಿಬಿ.

ಓವರ್‌ಡ್ರಾಫ್ಟ್ ಖಾತೆ ವರ್ಷವಿಡೀ ಮಿತಿಯ ಅಂಚಿನಲ್ಲೇ ನಿಂತರೆ ಬ್ಯಾಂಕು ಬಂಡವಾಳದ ಬಗ್ಗೆ ಪ್ರಶ್ನಿಸುತ್ತದೆ. ಅಂತೆಯೇ 'ವಿಎಂಸ್ಟ್ಯಾಟ್' ವರದಿಯ 'ಎಸ್‌ಐ', 'ಎಸ್‌ಒ' ಕಾಲಂಗಳಲ್ಲಿ ಸಾಮಾನ್ಯ ದಿನಗಳಲ್ಲೂ ಸತತವಾಗಿ ಅಂಕಿಗಳು ಕಾಣುತ್ತಿದ್ದರೆ ಕಡತ ಹಿಗ್ಗಿಸಿ ಫಲವಿಲ್ಲ. ರ‍್ಯಾಮ್ ಕೊಳ್ಳುವುದೇ ಮಿತವ್ಯಯ.

ಸ್ವಾಪ್ ಕಡತದಲ್ಲಿ ಗ್ರಾಹಕರ ವಿವರ, ಗುಪ್ತಪದಗಳ ತುಣುಕುಗಳೂ ಉಳಿದಿರಬಹುದು. ಹಳೆಯ ಡಿಸ್ಕನ್ನು ಗುಜರಿಗೆ ಹಾಕುವಾಗ ಲೆಕ್ಕದ ಕಡತಗಳನ್ನಷ್ಟೇ ಅಳಿಸದೆ ಇಡೀ ಡಿಸ್ಕನ್ನು ಅಳಿಸತಕ್ಕದ್ದು.