ಮುಪ್ಪು ಮತ್ತು ಮೂರನೆಯ ಮಹಡಿ

ಹಾರ್ಬರ್ ಮಾರ್ಗದ ಗಾಡಿ ವಾಶಿಯನ್ನು ದಾಟಿದೊಡನೆ ಸಿಗುವ ಸಾನಪಾಡಾ ಒಂದು ಕಾಲಕ್ಕೆ ಆಗರಿ, ಕೋಳಿ ಜನರ ಚಿಕ್ಕ ಹಳ್ಳಿಯಾಗಿತ್ತು. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಖಾಡಿಯ ಈಚೆಗೆ ಹೊಸ ನಗರವನ್ನು ಕಟ್ಟತೊಡಗಿತು. 1973ರಲ್ಲಿ ಸೇತುವೆಯೂ 1992ರಲ್ಲಿ ಮಾನಖುರ್ದ್–ವಾಶಿ ರೈಲೂ ಬಂದ ಮೇಲೆ, ಮುಂಬಯಿಯ ಚಾಳುಗಳ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ್ದ ಅನೇಕ ಕನ್ನಡಿಗರು ಸ್ವಂತ ಮನೆಯ ಆಸೆಯಿಂದ ಇತ್ತ ಬಂದರು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಬಳಿಕ ಕಚೇರಿಗಳಲ್ಲಿ ಸೇರಿಕೊಂಡವರೂ ಅವರಲ್ಲಿದ್ದರು. ಮನೆ ಕೊಳ್ಳುವಾಗ ಸಾಲದ ಕಂತನ್ನು ಎಲ್ಲರೂ ಲೆಕ್ಕ ಹಾಕಿದರು. ಮೆಟ್ಟಿಲುಗಳನ್ನು ಯಾರೂ ಲೆಕ್ಕ ಹಾಕಲಿಲ್ಲ.

ಅಂದು ನಲವತ್ತರವರಾಗಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಲಿಫ್ಟು ಇಲ್ಲ. ಮೂರನೆಯ ಮಹಡಿಯೆಂದರೆ ಸುಮಾರು ಐವತ್ತು ಮೆಟ್ಟಿಲು. ಅಂಥ ಒಂದು ಮನೆಯಲ್ಲಿ ದಕ್ಷಿಣ ಕನ್ನಡದ ವೃದ್ಧ ದಂಪತಿಗಳಿದ್ದರು. ಮಗ ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ. ಮಂಡಿನೋವಿನ ಕಾರಣ ಗೃಹಿಣಿಯು ಆರು ತಿಂಗಳಿಂದ ಕೆಳಗಿಳಿದಿರಲಿಲ್ಲ. ತರಕಾರಿಯವನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು. ಔಷಧಿಯನ್ನು ಯಜಮಾನರು ತರುತ್ತಿದ್ದರು. ಸಂಸಾರವೇನೋ ನಡೆಯುತ್ತಿತ್ತು. ಆದರೆ ಆಕೆಯೊಡನೆ ನಾಲ್ಕು ಮಾತನಾಡುವವರು ಇರಲಿಲ್ಲ.

ಮೆಟ್ಟಿಲೇರುವಾಗ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಮಿಕ್ಕ ಭಾರ ಬೀಳುವುದುಂಟು. ನೋವೆಂದು ನಡೆಯುವುದನ್ನೇ ಬಿಟ್ಟರೆ ತೊಡೆಯ ಸ್ನಾಯುಗಳು ಸೊರಗಿ, ಅವು ಹೊರಬೇಕಾದ ಭಾರವನ್ನೂ ಕೀಲೇ ಹೊರಬೇಕಾಗುತ್ತದೆ. ನೋವು ಮತ್ತಷ್ಟು ಹೆಚ್ಚುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ, ಐದೆಣಿಕೆಯವರೆಗೆ ಹಿಡಿದು ಇಳಿಸುವ ಸರಳ ವ್ಯಾಯಾಮವನ್ನು ಬಹುಮಂದಿ ವೈದ್ಯರ ಸಲಹೆ ಪಡೆದು ಮನೆಯಲ್ಲೇ ಮಾಡಬಹುದು. ಅರವತ್ತೈದು ದಾಟಿದವರು ವಾರದಲ್ಲಿ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಮೂರು ದಿನವಾದರೂ ಸಮತೋಲದ ಅಭ್ಯಾಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡದ ಮಾತ್ರೆ ಸೇವಿಸುವವರು ರಾತ್ರಿ ಹಾಸಿಗೆಯಿಂದ ಥಟ್ಟನೆ ಏಳಬಾರದು. ಒಂದು ನಿಮಿಷ ಕುಳಿತು, ತಲೆ ಸುತ್ತದೆಂದು ಖಚಿತಪಡಿಸಿಕೊಂಡು ನಿಲ್ಲಬೇಕು. ಬಚ್ಚಲಿಗೆ ಹಿಡಿಕೆ, ಜಿನೆಗೆ ಬೆಳಕು ಇವಕ್ಕೆ ತಗಲುವ ಖರ್ಚು ಮುರಿದ ಸೊಂಟದ ಶಸ್ತ್ರಚಿಕಿತ್ಸೆಯ ಮುಂದೆ ಏನೂ ಅಲ್ಲ. ಸೊಸೈಟಿಯ ಸಭೆಗಳಲ್ಲಿ ಬಣ್ಣದ ವಿಚಾರಕ್ಕೆ ಎರಡು ಗಂಟೆ ಚರ್ಚೆ ನಡೆಯುತ್ತದೆ, ಕೈಪಿಡಿಯ ವಿಚಾರ ಮಾತ್ರ ಮುಂದಿನ ಸಭೆಗೆ ಹೋಗುತ್ತದೆ!

ಕೆಲವು ಸೌಕರ್ಯಗಳು ಇಂದು ಮನೆಬಾಗಿಲಿಗೇ ಬರುತ್ತವೆ. ಎಪ್ಪತ್ತು ದಾಟಿದ ಗ್ರಾಹಕರ ಮನೆಗೆ ಹೋಗಿ ಮೂಲಭೂತ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ನಿವೃತ್ತಿವೇತನದ ಜೀವನ ಪ್ರಮಾಣಪತ್ರವನ್ನು ಮೊಬೈಲಿಗೆ ಮುಖ ತೋರಿಸಿಯೂ ಸಲ್ಲಿಸಬಹುದು. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಎಪ್ಪತ್ತು ತುಂಬಿದವರನ್ನು ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ ಯೋಜನೆಗೆ ಸೇರಿಸಿದ್ದು 2024ರಲ್ಲಿ. ಆದರೆ ಮಾತನಾಡುವ ಜೊತೆಯನ್ನು ಯಾವ ಯೋಜನೆಯೂ ಮಹಡಿಗೆ ತಂದುಕೊಡದು.

ಮನೆ ಮಾರಿ ಊರಿಗೆ ಹೋಗುವುದೇ ಒಳಿತೆಂದು ಯಜಮಾನರು ನಿಶ್ಚಯಿಸಿದ್ದರು. ಊರಿನಲ್ಲಿ ಅಣ್ಣತಮ್ಮಂದಿರ ಮನೆಗಳಿಗೂ ಬೀಗ ಬಿದ್ದಿದೆ, ಆಸ್ಪತ್ರೆ ದೂರ. ಸಾನಪಾಡಾದಲ್ಲಿಯಾದರೋ ವೈದ್ಯರು, ಔಷಧದಂಗಡಿ, ಬ್ಯಾಂಕು, ಉದ್ಯಾನ ಎಲ್ಲವೂ ಹತ್ತು ನಿಮಿಷದ ನಡಿಗೆ; ಇಳಿಯಲು ಸಾಧ್ಯವಾದರೆ ಮಾತ್ರ. ಕೊನೆಗೆ ಆಕೆಯೇ ದಾರಿ ಹೇಳಿದರು: "ಮಾರುವುದು ಯಾಕೆ? ಇದನ್ನು ಬಾಡಿಗೆಗೆ ಕೊಟ್ಟು ಕೆಳಗೆ ಒಂದು ಮನೆ ಬಾಡಿಗೆಗೆ ಹಿಡಿಯುವ, ಆಗದಾ?" ಎರಡು ಬಾಡಿಗೆಗಳ ಅಂತರ ತಿಂಗಳಿಗೆ ಎರಡು ಸಾವಿರ ರೂಪಾಯಿ. ಮುದುಕರಿಗೆ ಮನೆ ಕೊಡಲು ಮನೆಮಾಲಿಕರು ಹಿಂದೆಮುಂದೆ ನೋಡಿದ್ದರಿಂದ ಎರಡು ತಿಂಗಳು ತಡವಾಯಿತು.

ಈಗ ಮೂರನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಎಳೆಯ ದಂಪತಿಗಳಿದ್ದಾರೆ. ಕೆಳಗಿನ ಮನೆಯ ಒಂದು ಬೀಗದ ಕೈಯೂ ಅವರ ಬಳಿ ಇರುತ್ತದೆ. ಸಂಜೆ ಐದಕ್ಕೆ ಆಕೆ ಕೋಲೂರಿಕೊಂಡು ಉದ್ಯಾನದ ಮೊದಲ ಬೆಂಚಿನವರೆಗೆ ಹೋಗುತ್ತಾರೆ. ಎರಡನೆಯ ಬೆಂಚು ಇನ್ನೂ ದೂರವೆನಿಸುತ್ತದೆಯಂತೆ.