ಹಕೋನೆಯ ಶಿಲ್ಪವನ

ಶಿಲ್ಪಕ್ಕೆ ಬೇಕಾದುದು ಚಾವಣಿಯೋ ಆಕಾಶವೋ? ಜಪಾನಿನ ಹಕೋನೆ ಎಂಬ ಬೆಟ್ಟಸೀಮೆಯಲ್ಲಿ 1969ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯವು ಈ ಪ್ರಶ್ನೆಗೆ ದೊರೆತ ಒಂದು ಉತ್ತರವಾಗಿದೆ. ಆ ದೇಶದಲ್ಲಿ ಈ ಬಗೆಯ ಸಂಗ್ರಹಾಲಯಗಳಲ್ಲಿ ಇದೇ ಮೊದಲನೆಯದು.

ಇದರ ದೇಶೀಯ ನಾಮ 'ಚೋಕೊಕು ನೋ ಮೊರಿ'. 'ಚೋಕೊಕು' ಎಂದರೆ ಶಿಲ್ಪ, 'ಮೊರಿ' ಎಂದರೆ ಕಾಡು. ನಡುವಣ 'ನೋ' ಎಂಬುದು ನಮ್ಮ ಷಷ್ಠೀ ಪ್ರತ್ಯಯದಂತೆ ಹಿಂದಿನ ಪದಕ್ಕೆ ಹತ್ತಿ ಸಂಬಂಧವನ್ನು ಸೂಚಿಸುತ್ತದೆ. ಕನ್ನಡದಲ್ಲಿ ಇದನ್ನು 'ಶಿಲ್ಪವನ' ಎನ್ನಬಹುದು. ಹಕೋನೆ-ಯುಮೊಟೊದಿಂದ ಹೊರಡುವ ಬೆಟ್ಟದ ರೈಲು, ಏರು ಕಡಿದಾದುದರಿಂದ, ಮೂರೆಡೆ ನಿಂತು ದಿಕ್ಕು ಬದಲಿಸಿ ಮೇಲೇರುತ್ತದೆ. ಇಳಿಯುವ ನಿಲ್ದಾಣಕ್ಕೂ ಈ ವನದ್ದೇ ಹೆಸರು.

ಸುಮಾರು 70,000 ಚದರ ಮೀಟರ್ ವಿಸ್ತಾರದ ಹುಲ್ಲುಗಾವಲು, ತೋಪು, ಇಳಿಜಾರುಗಳಲ್ಲಿ ನೂರಿಪ್ಪತ್ತರಷ್ಟು ಶಿಲ್ಪಗಳು ನೆಲೆಗೊಂಡಿವೆ. ರೋದಾಂ, ಬೂರ್ದೆಲ್ ಮೊದಲಾದವರ ಕೃತಿಗಳು ಇಲ್ಲುಂಟು. ಇಂಗ್ಲೆಂಡಿನ ಹೆನ್ರಿ ಮೂರ್ ಅವರ 26 ಕೃತಿಗಳ ಸಂಗ್ರಹವು ವಿಶೇಷವಾದುದು. ಶಿಲ್ಪವು ಬಯಲಿನ ಕಲೆ, ಹಗಲ ಬೆಳಕೇ ಅದರ ಜೀವ ಎಂಬುದು ಮೂರ್ ಅವರ ನಿಲುವಾಗಿತ್ತು. ಬೆಳಗಿನ ಓರೆಬಿಸಿಲಿಗೆ ಉಬ್ಬಿ ಕಾಣುವ ಮೈ, ಮಂಜು ಕವಿದಾಗ ಬರಿಯ ರೇಖೆಯಾಗುತ್ತದೆ. ಹಿಮ ಬಿದ್ದಾಗ ಮತ್ತೊಂದು ರೂಪ ತಾಳುತ್ತದೆ.

ಆದರೆ ಈ ಆಕಾಶವು ಬೆಲೆಯಿಲ್ಲದೆ ದೊರೆಯುವುದಲ್ಲ. ಮಳೆ ಮಂಜುಗಳಿಗೆ ಒಡ್ಡಿದ ಕಂಚು ಕಿಲುಬು ಹಿಡಿಯುತ್ತದೆ. ಬಯಲಿನ ಕಂಚನ್ನು ಕಾಲಕಾಲಕ್ಕೆ ತೊಳೆದು ಮೇಣ ಲೇಪಿಸುವುದು ರೂಢಿ. ನಿಲ್ಲಿಸಿದವನ ಔದಾರ್ಯದಷ್ಟೇ ಕಾಯುವವನ ತಾಳ್ಮೆಯೂ ಇಲ್ಲಿ ಮುಖ್ಯ. ಬಯಲನ್ನು ತಾಳಲಾರದ ಕೃತಿಗಳಿಗೆ ಚಾವಣಿಯೂ ಉಂಟು: 1984ರಲ್ಲಿ ತೆರೆದ ಪ್ರತ್ಯೇಕ ಭವನದಲ್ಲಿ ಪಿಕಾಸೊ ಅವರ ಮೃತ್ಕಲಾಕೃತಿಗಳಿವೆ.

ಇಲ್ಲಿನ ಶಿಲ್ಪಗಳನ್ನೆಲ್ಲ ಮುಟ್ಟಬಹುದೆಂದಲ್ಲ. ಆದರೆ ಮಕ್ಕಳಿಗೆಂದೇ ಮೀಸಲಾದ ಕೃತಿಯೊಂದುಂಟು. ತೋಶಿಕೊ ಹೊರಿಯುಚಿ ಮ್ಯಾಕ್‌ಆಡಮ್ ಎಂಬ ಕಲಾವಿದೆ, ಪ್ರದರ್ಶನವೊಂದರಲ್ಲಿ ತಮ್ಮ ನೂಲಿನ ಕೃತಿಯನ್ನು ಮಕ್ಕಳು ಹತ್ತಿ ಆಡಿದಾಗ ಅದಕ್ಕೆ ಜೀವ ಬಂದುದನ್ನು ಕಂಡರು. ಅಂದಿನಿಂದ ಆಟಕ್ಕೆಂದೇ ಹೆಣೆಯತೊಡಗಿದರು. 2009ರಲ್ಲಿ, ಲೋಹದ ಕೀಲುಗಳಿಲ್ಲದೆ ಮರದ ತೊಲೆಗಳನ್ನು ಜೋಡಿಸಿ ಕಟ್ಟಿದ ಮಂಟಪದೊಳಗೆ, ಅವರು ಕೈಯಿಂದ ಹೆಣೆದ ಬಣ್ಣದ ಬಲೆ ತೂಗಿತು. ಬಲೆಯನ್ನೇರುವ ಅಧಿಕಾರ ಮಕ್ಕಳಿಗೆ ಮಾತ್ರ; ಹಿರಿಯರು ಕೆಳಗೆ ನಿಂತು ನೋಡಬೇಕು.

ಕಲಾಶಿಕ್ಷಣದ ಮರ್ಮವೂ ಇಲ್ಲಿಯೇ ಅಡಗಿದೆ. ನೋಡುವ ಮರ್ಯಾದೆಯನ್ನು ಕಲಿಸಬೇಕು, ನಿಜ. ಆದರೆ ಮೈಯೆಲ್ಲ ತೊಡಗಿ ಪಡೆದ ಸಂತೋಷವೊಂದು ಮೊದಲಿದ್ದರೆ, ಆ ಮರ್ಯಾದೆ ಹೇಳದೆಯೇ ಹುಟ್ಟುತ್ತದೆ.