ನೂರಕ್ಕೆ ತೊಂಬತ್ತೊಂಬತ್ತರ ಹಿಂದಿನ ಲೆಕ್ಕ

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನನ್ನ ತಂಗಿಯ ಮಗಳು ಎರಡು ಹಾಳೆಗಳ ವರದಿಯೊಂದನ್ನು ಹಿಡಿದು ಮನೆಗೆ ಬಂದಳು. ಆಕೆಗೆ ಆಗ ಇಪ್ಪತ್ತಾರು ವರ್ಷ. ಚೊಚ್ಚಲ ಬಸಿರು, ಹದಿಮೂರನೆಯ ವಾರ. ಖಾಸಗಿ ಪ್ರಯೋಗಾಲಯವೊಂದು ಆಕೆಯ ರಕ್ತವನ್ನು ಪರೀಕ್ಷಿಸಿ, ಗರ್ಭಸ್ಥ ಶಿಶುವಿಗೆ ಡೌನ್ ಸಿಂಡ್ರೋಮ್ ಇರುವ ‘ಹೆಚ್ಚಿನ ಅಪಾಯ’ವಿದೆ ಎಂದು ತಿಳಿಸಿತ್ತು. ‘ಮಾವ, ಪರೀಕ್ಷೆ ನೂರಕ್ಕೆ ತೊಂಬತ್ತೊಂಬತ್ತು ನಿಖರ ಅಂತ ಇದರಲ್ಲೇ ಬರೆದಿದ್ದಾರೆ. ಇನ್ನು ಕಾಯೋದರಲ್ಲಿ ಏನಿದೆ?’ ಎಂದಳು. ಆ ವಾರದೊಳಗೆ ಗರ್ಭಪಾತ ಮಾಡಿಸುವುದೆಂದು ಎರಡೂ ಕಡೆಯ ಹಿರಿಯರು ಆಗಲೇ ತೀರ್ಮಾನಿಸಿದ್ದರು.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯ ಬಹುಪಾಲನ್ನು ಕಂದಾಯ ಇಲಾಖೆಯಲ್ಲಿ ಕಳೆದವನು. ಆದರೆ ಶೇಕಡಾವಾರು ಅಂಕಿಯೊಂದು ಎದುರಾದಾಗ ‘ಯಾವುದರ ಶೇಕಡ?’ ಎಂದು ಕೇಳುವ ಅಭ್ಯಾಸ ನನಗೆ ನಿವೃತ್ತಿಯ ನಂತರವೂ ಉಳಿದಿದೆ. ಅಂದು ಆ ಪ್ರಶ್ನೆಯೊಂದೇ ನಮಗೆ ಸ್ವಲ್ಪ ಸಮಯವನ್ನು ದೊರಕಿಸಿಕೊಟ್ಟಿತು.

ಲೆಕ್ಕ ಸರಳವಾದುದು. ಇಪ್ಪತ್ತೈದರ ಆಸುಪಾಸಿನ ತಾಯಂದಿರಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ ಸುಮಾರು 1,250ಕ್ಕೆ ಒಂದು. ಅಂದರೆ ಈ ವಯಸ್ಸಿನ ಒಂದು ಲಕ್ಷ ಗರ್ಭಿಣಿಯರಲ್ಲಿ 80 ಮಂದಿ. ಎನ್‌ಐಪಿಟಿ ಎಂದು ಕರೆಯಲಾಗುವ ಈ ರಕ್ತಪರೀಕ್ಷೆ ಅವರಲ್ಲಿ 79 ಮಂದಿಯನ್ನು ಗುರುತಿಸುತ್ತದೆ. ತೊಂಬತ್ತೊಂಬತ್ತು ಎಂಬ ಅಂಕಿ ಬರುವುದು ಇಲ್ಲಿಂದ. ಆದರೆ ತೊಂದರೆಯೇ ಇಲ್ಲದ ಸಾವಿರ ಮಂದಿಯಲ್ಲಿ ಒಬ್ಬರಿಗೆ ಪರೀಕ್ಷೆ ತಪ್ಪಾಗಿ ‘ಅಪಾಯ’ ಎನ್ನುತ್ತದೆಂದು ಇಟ್ಟುಕೊಳ್ಳೋಣ. ಉಳಿದ 99,920 ಮಂದಿಯಲ್ಲಿ ಅಂಥವರು ಸುಮಾರು 100. ಒಟ್ಟು 179 ಮಂದಿಯ ಕೈಗೆ ಅದೇ ಒಕ್ಕಣೆಯ ವರದಿ ತಲುಪುತ್ತದೆ. ಅವರಲ್ಲಿ ನಿಜವಾಗಿ ತೊಂದರೆಯಿರುವುದು 79 ಮಂದಿಯ ಶಿಶುವಿಗೆ, ಅಂದರೆ ನೂರಕ್ಕೆ ನಲವತ್ತನಾಲ್ಕು ಮಾತ್ರ. ನಲವತ್ತು ವರ್ಷದ ತಾಯಂದಿರಲ್ಲಾದರೆ ಸಂಭವವೇ ಸುಮಾರು ನೂರಕ್ಕೆ ಒಂದು. ಆಗ ಅದೇ ಪರೀಕ್ಷೆಯ ಅದೇ ಮಾತು ನೂರಕ್ಕೆ ತೊಂಬತ್ತರಷ್ಟು ಸಲ ನಿಜವಾಗುತ್ತದೆ. ಯಂತ್ರ ಬದಲಾಗಿಲ್ಲ, ತಾಯಿಯ ವಯಸ್ಸು ಬದಲಾಗಿದೆ.

ಪರೀಕ್ಷೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗರ್ಭಿಣಿಯ ರಕ್ತದ್ರವದಲ್ಲಿ ಶಿಶುವಿನ ಕಡೆಯ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂಬುದನ್ನು ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2011ರಿಂದ ಅದು ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ಅದಕ್ಕೆ ಮೊದಲು ಮೂರನೆಯ ತಿಂಗಳಿನಲ್ಲಿ ಸ್ಕ್ಯಾನಿಂಗ್ ಮತ್ತು ರಕ್ತದ ರಾಸಾಯನಿಕಗಳ ಅಳತೆಯನ್ನು ಕೂಡಿಸಿ ಅಂದಾಜು ಮಾಡುತ್ತಿದ್ದರು. ಈಗಲೂ ಅನೇಕ ಕಡೆ ಮಾಡುತ್ತಾರೆ. ಆ ವಿಧಾನದಲ್ಲಿ ನೂರಕ್ಕೆ ಐದು ಮಂದಿಗೆ ಸುಳ್ಳು ಎಚ್ಚರಿಕೆ ಹೋಗುತ್ತಿತ್ತು. ನಮ್ಮ ಒಂದು ಲಕ್ಷದ ಲೆಕ್ಕದಲ್ಲಿ ಅದು 5,000. ಐದು ಸಾವಿರವನ್ನು ನೂರಕ್ಕೆ ಇಳಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಎನ್‌ಐಪಿಟಿ ಅಳೆಯುವುದು ಮುಖ್ಯವಾಗಿ ಮಾಸಿನಿಂದ ಬಂದ ಡಿಎನ್‌ಎಯನ್ನು, ಶಿಶುವಿನಿಂದ ನೇರವಾಗಿ ಬಂದುದನ್ನಲ್ಲ. ಮಾಸಿನಲ್ಲಿ ಮಾತ್ರ ದೋಷವಿದ್ದು ಶಿಶು ಆರೋಗ್ಯವಾಗಿರುವುದೂ ಉಂಟು. ಆದ್ದರಿಂದಲೇ ಅದು ಶೋಧ ಪರೀಕ್ಷೆ, ರೋಗನಿರ್ಣಯವಲ್ಲ. ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅದು ಆಣೆವಾರಿ. ಕಟಾವಾಗಿ ಕಣಕ್ಕೆ ಬಂದ ಫಸಲಿನ ತೂಕವಲ್ಲ.

ಹಾಗಾದರೆ ತೂಕ ಮಾಡುವ ವಿಧಾನ ಯಾವುದು? ಇಲ್ಲಿ ಒಂದಲ್ಲ, ಹಲವು ತಕ್ಕಡಿಗಳಿವೆ.

ಎಲ್ಲಕ್ಕಿಂತ ಹಳೆಯದು ಕ್ಯಾರಿಯೊಟೈಪಿಂಗ್. ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅವು ವಿಭಜನೆಗೆ ಅಣಿಯಾದ ಕ್ಷಣದಲ್ಲಿ ತಡೆದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ವರ್ಣತಂತುಗಳನ್ನು ಎಣಿಸಿ ಜೋಡಿಸುವ ವಿಧಾನವಿದು. ಮನುಷ್ಯನ ಕೋಶದಲ್ಲಿ 48 ವರ್ಣತಂತುಗಳಿವೆ ಎಂದೇ ವಿಜ್ಞಾನಿಗಳು 1920ರ ದಶಕದಿಂದ ನಂಬಿದ್ದರು. ಅವು 46 ಎಂದು ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಪ್ರಕಟಿಸಿದ್ದು 1956ರಲ್ಲಿ. ಕೋಶಗಳನ್ನು ಉಬ್ಬಿಸಿ ವರ್ಣತಂತುಗಳನ್ನು ಬಿಡಿಬಿಡಿಯಾಗಿ ಹರಡುವ ಉಪಾಯ ಕೈಗೆ ಬರುವವರೆಗೆ ಮೂರು ದಶಕ ಕಾಲ ತಪ್ಪು ಎಣಿಕೆಯೇ ಪಠ್ಯಪುಸ್ತಕಗಳಲ್ಲಿತ್ತು. ಮೂರೇ ವರ್ಷಗಳ ನಂತರ, 1959ರಲ್ಲಿ, ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಹೋದ್ಯೋಗಿಗಳು ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತುವಿನ ಮೂರು ಪ್ರತಿಗಳಿರುತ್ತವೆ ಎಂಬುದನ್ನು ವರದಿ ಮಾಡಿದರು.

ಕ್ಯಾರಿಯೊಟೈಪ್ ಎಂದರೆ ಇಡೀ ಜಿಲ್ಲೆಯ ನಕಾಶೆ. ಒಂದು ತಾಲ್ಲೂಕು ಹೆಚ್ಚಾಗಿದ್ದರೆ, ಕಾಣೆಯಾಗಿದ್ದರೆ ಅಥವಾ ಪಕ್ಕದ ಜಿಲ್ಲೆಗೆ ಅಂಟಿಕೊಂಡಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ ಒಂದು ಹಳ್ಳಿಯ ಕೆರೆ ಒತ್ತುವರಿಯಾಗಿದ್ದರೆ ನಕಾಶೆಯಲ್ಲಿ ಕಾಣುವುದಿಲ್ಲ. ಸುಮಾರು 50 ಲಕ್ಷದಿಂದ ಒಂದು ಕೋಟಿ ಡಿಎನ್‌ಎ ಅಕ್ಷರಗಳಿಗಿಂತ ಚಿಕ್ಕದಾದ ಏರುಪೇರು ಈ ಪರೀಕ್ಷೆಯ ಕಣ್ಣಿಗೆ ನಿಲುಕದು. ಕೋಶ ಬೆಳೆಯಬೇಕಾದ್ದರಿಂದ ಎರಡು ಮೂರು ವಾರ ಕಾಯಲೂ ಬೇಕು.

1980ರ ದಶಕದಲ್ಲಿ ಬಂದ ಫಿಶ್ ವಿಧಾನ ಒಂದೇ ಸರ್ವೆ ನಂಬರಿನ ಸ್ಥಳ ತನಿಖೆಯಂತೆ. ಹೊಳೆಯುವ ಬಣ್ಣ ಅಂಟಿಸಿದ ಡಿಎನ್‌ಎ ತುಣುಕೊಂದು ವರ್ಣತಂತುವಿನ ನಿರ್ದಿಷ್ಟ ಜಾಗಕ್ಕೆ ಹೋಗಿ ಕೂರುತ್ತದೆ. ಚುಕ್ಕೆಗಳನ್ನು ಎಣಿಸಿದರೆ ಪ್ರತಿಗಳ ಸಂಖ್ಯೆ ತಿಳಿಯುತ್ತದೆ. ಕೋಶ ಬೆಳೆಸುವ ಅಗತ್ಯವಿಲ್ಲದ ಕಾರಣ ಎರಡು ಮೂರು ದಿನಗಳಲ್ಲಿ ಉತ್ತರ ಸಿಗುತ್ತದೆ. ಇಷ್ಟೇ ವೇಗದ ಮತ್ತೊಂದು ವಿಧಾನ ಕ್ಯೂಎಫ್-ಪಿಸಿಆರ್. ಆದರೆ ಇವೆರಡೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತವೆ. 21ನೆಯದರ ಬಗ್ಗೆ ಕೇಳಿದರೆ 21ನೆಯದರ ಬಗ್ಗೆ ಹೇಳುತ್ತವೆ. ಏಳನೆಯದರಲ್ಲಿ ಏನಾಗಿದೆ ಎಂದು ತಾವಾಗಿ ತಿಳಿಸುವುದಿಲ್ಲ.

ಮೂರನೆಯದು ಮೈಕ್ರೊಅರೇ. ಇದು ಜಿಲ್ಲೆಯ ಪ್ರತಿಯೊಂದು ಸರ್ವೆ ನಂಬರಿನ ವಿಸ್ತೀರ್ಣವನ್ನೂ ತಾಳೆ ನೋಡುವ ಕೆಲಸ. ಕ್ಯಾರಿಯೊಟೈಪಿಂಗ್‌ಗಿಂತ ಹತ್ತಾರು ಪಟ್ಟು ಸೂಕ್ಷ್ಮ. ಹೃದಯದ ದೋಷದೊಡನೆ ಹುಟ್ಟುವ ಕೆಲವು ಮಕ್ಕಳಲ್ಲಿ 22ನೆಯ ವರ್ಣತಂತುವಿನಿಂದ ಸುಮಾರು 30 ಲಕ್ಷ ಅಕ್ಷರಗಳಷ್ಟು ಭಾಗ ಬಿಟ್ಟುಹೋಗಿರುತ್ತದೆ. ಕ್ಯಾರಿಯೊಟೈಪಿಂಗ್‌ನಲ್ಲಿ ಅದು ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಫಿಶ್ ಕೇಳಿದರೆ ತೋರಿಸುತ್ತದೆ. ಮೈಕ್ರೊಅರೇ ಕೇಳದೆಯೂ ತೋರಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಅಂಗರಚನೆಯ ದೋಷ ಕಂಡು, ಕ್ಯಾರಿಯೊಟೈಪ್ ಸರಿಯಿದ್ದ ಗರ್ಭಿಣಿಯರಲ್ಲಿ ನೂರಕ್ಕೆ ಆರು ಮಂದಿಯಲ್ಲಿ ಮೈಕ್ರೊಅರೇ ಹೊಸದಾಗಿ ಮಹತ್ವದ ಕಾರಣವನ್ನು ಪತ್ತೆಮಾಡಿತೆಂದು ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹೇಳಿತು.

ಹಾಗಾದರೆ ಹಳೆಯದನ್ನು ಕೈಬಿಡಬಹುದಲ್ಲ? ಇಲ್ಲೊಂದು ಸೂಕ್ಷ್ಮವಿದೆ. ಇಬ್ಬರು ರೈತರು ಸಮಾನ ವಿಸ್ತೀರ್ಣದ ಜಮೀನನ್ನು ಪರಸ್ಪರ ಬದಲಾಯಿಸಿಕೊಂಡರೆ ಒಟ್ಟು ಎಕರೆ ತಾಳೆಯಾಗುತ್ತದೆ. ವರ್ಣತಂತುಗಳೂ ಹೀಗೆ ತುಂಡುಗಳನ್ನು ಅದಲುಬದಲು ಮಾಡಿಕೊಂಡಿರಬಹುದು. ಅಂಥ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮಕ್ಕಳಿಗೆ ಅಸಮ ಪಾಲು ಹೋಗಿ ಮತ್ತೆ ಮತ್ತೆ ಗರ್ಭ ಇಳಿದುಹೋಗಬಹುದು. ಪದೇ ಪದೇ ಗರ್ಭಸ್ರಾವವಾಗುವ ದಂಪತಿಗಳಲ್ಲಿ ನೂರಕ್ಕೆ ಸುಮಾರು ಎರಡರಿಂದ ಐದು ಜೋಡಿಗಳಲ್ಲಿ ಒಬ್ಬರಿಗೆ ಇಂಥ ಸಮತೋಲಿತ ಬದಲಾವಣೆ ಇರುತ್ತದೆ. ಪ್ರಮಾಣವನ್ನಷ್ಟೇ ಅಳೆಯುವ ದುಬಾರಿ ಮೈಕ್ರೊಅರೇಗೆ ಇದು ಕಾಣುವುದಿಲ್ಲ. ಅದಕ್ಕಿಂತ ಹಲವು ಪಟ್ಟು ಅಗ್ಗದ ಕ್ಯಾರಿಯೊಟೈಪಿಂಗ್‌ಗೆ ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಹೆಚ್ಚುವರಿ 21ನೆಯ ವರ್ಣತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ತಾಯಿಯೇ ವಾಹಕಳಾಗಿ ದಾಟಿಸಿದ್ದರೆ ಮುಂದಿನ ಮಗುವಿಗೂ ಅದೇ ಆಗುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು. ‘ಇನ್ನೊಂದು ಮಗು ಬೇಕೇ?’ ಎಂದು ಯೋಚಿಸುವ ದಂಪತಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಇನ್ನೊಂದಿಲ್ಲ. ಮೈಕ್ರೊಅರೇಗೆ ಮತ್ತೊಂದು ತೊಡಕೂ ಉಂಟು. ಕೆಲವೊಮ್ಮೆ ಅದು ಅರ್ಥ ಖಚಿತವಾಗದ ಬದಲಾವಣೆಯನ್ನು ಹೆಕ್ಕಿ ಮುಂದಿಡುತ್ತದೆ. ಒಳ್ಳೆಯದೋ ಕೆಟ್ಟದೋ ತಿಳಿಯದ ಆ ಒಂದು ಸಾಲಿನೊಡನೆ ತಾಯಿ ಉಳಿದ ತಿಂಗಳುಗಳನ್ನು ಕಳೆಯಬೇಕಾಗುತ್ತದೆ.

ಒಟ್ಟಿನಲ್ಲಿ, ಅತ್ಯುತ್ತಮ ಪರೀಕ್ಷೆ ಎಂಬುದಿಲ್ಲ. ಪ್ರಶ್ನೆಗೆ ತಕ್ಕ ಪರೀಕ್ಷೆ ಎಂಬುದಿದೆ. ಇದಕ್ಕೆ ಕಾಲದ ಲೆಕ್ಕವನ್ನೂ ಸೇರಿಸಬೇಕು. ಅಂಗರಚನೆಯ ಸ್ಕ್ಯಾನಿಂಗ್ ನಡೆಯುವುದು 18ರಿಂದ 20ನೆಯ ವಾರದಲ್ಲಿ. ಆಗ ಸಂಶಯ ಬಂದು, ಗರ್ಭಜಲ ತೆಗೆದು, ಕ್ಯಾರಿಯೊಟೈಪಿಂಗ್‌ಗಾಗಿ ಮೂರು ವಾರ ಕಾದರೆ 23 ವಾರ ತುಂಬಿರುತ್ತದೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ಬಂದ ತಿದ್ದುಪಡಿಯಂತೆ 20 ವಾರ ದಾಟಿದರೆ ನಿಗದಿತ ವರ್ಗದವರಿಗೆ ಮಾತ್ರ, ಅದೂ ಇಬ್ಬರು ವೈದ್ಯರ ಅಭಿಪ್ರಾಯದೊಡನೆ, ಅವಕಾಶ. 24 ದಾಟಿದರೆ ಭ್ರೂಣದ ಗಂಭೀರ ವೈಕಲ್ಯವನ್ನು ವೈದ್ಯಕೀಯ ಮಂಡಳಿ ದೃಢಪಡಿಸಬೇಕು. ಮೂರು ದಿನದಲ್ಲಿ ಬರುವ ಅರೆ ಉತ್ತರಕ್ಕೂ ಮೂರು ವಾರದಲ್ಲಿ ಬರುವ ಪೂರ್ಣ ಉತ್ತರಕ್ಕೂ ಇರುವ ಅಂತರ ಇಲ್ಲಿ ಕೇವಲ ತಾಂತ್ರಿಕ ವಿಷಯವಲ್ಲ.

ತಂಗಿಯ ಮಗಳ ವಿಷಯಕ್ಕೆ ಬರುತ್ತೇನೆ. ಅವಳನ್ನು ನೋಡುತ್ತಿದ್ದ ವೈದ್ಯೆ ಆ ವರದಿಯೊಂದರ ಮೇಲೆಯೇ ಯಾವ ತೀರ್ಮಾನಕ್ಕೂ ಬರಬಾರದೆಂದು ಖಡಾಖಂಡಿತವಾಗಿ ಹೇಳಿದರು. ಹದಿನಾರನೆಯ ವಾರದಲ್ಲಿ ಗರ್ಭಜಲ ತೆಗೆದರು. ಅದರಿಂದಲೂ ಗರ್ಭಕ್ಕೆ ಅಲ್ಪ ಅಪಾಯವುಂಟೆಂಬುದನ್ನು ಮೊದಲೇ ವಿವರಿಸಿ ಒಪ್ಪಿಗೆ ಪಡೆದರು. ಮೂರನೆಯ ದಿನ ಫಿಶ್ ವರದಿ ಬಂತು: 21ನೆಯದು ಎರಡೇ ಪ್ರತಿ. ಹದಿನೆಂಟು ದಿನಗಳ ಬಳಿಕ ಬಂದ ಕ್ಯಾರಿಯೊಟೈಪ್ ಕೂಡ ಅದನ್ನೇ ಹೇಳಿತು. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಆದರೆ ಎಲ್ಲ ಮನೆಗಳ ಕಥೆ ಹೀಗೆ ಮುಗಿಯುವುದಿಲ್ಲ. ನನ್ನ ಲೆಕ್ಕದ 179ರಲ್ಲಿ ಆ 79 ಮಂದಿಯೂ ಇದ್ದಾರೆ. ಖಚಿತ ಪರೀಕ್ಷೆಯ ಅಗತ್ಯ ಅವರಿಗೂ ಅಷ್ಟೇ ಇದೆ. ಗರ್ಭ ಮುಂದುವರಿಸುವುದೋ ಬೇಡವೋ ಎಂಬುದನ್ನು ತಿಳಿದು ನಿರ್ಧರಿಸಲು ಒಬ್ಬರಿಗೆ, ಬರುವ ಮಗುವಿನ ಹೃದಯ ಚಿಕಿತ್ಸೆಗೂ ಕಲಿಕೆಗೂ ಮೊದಲೇ ಸಿದ್ಧರಾಗಲು ಇನ್ನೊಬ್ಬರಿಗೆ. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಮುಂದುವರಿದ ದೇಶಗಳಲ್ಲಿ ಇಂದು ಅರವತ್ತರ ಆಸುಪಾಸು ಎಂಬುದನ್ನು ಹೇಳುವವರೂ ಆ ಹೊತ್ತಿನಲ್ಲಿ ಎದುರಿಗಿರಬೇಕು.

ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆಯೆಂದೇ ನಾವು ಪ್ರಸವಪೂರ್ವ ಪರೀಕ್ಷೆಗಳ ಕಾನೂನನ್ನು ಬಲ್ಲೆವು. ಲಿಂಗವನ್ನು ತಿಳಿಸಬಾರದೆಂಬ ಅದರ ಕಟ್ಟಳೆ ಎಲ್ಲರಿಗೂ ನೆನಪಿದೆ. ಪರೀಕ್ಷೆಯ ಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿಯೇ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಒಪ್ಪಿಗೆ ಆಕೆಯ ಭಾಷೆಯಲ್ಲಿ ಇರಬೇಕಾದರೆ ಉತ್ತರವೂ ಆಕೆಯ ಭಾಷೆಯಲ್ಲಿ ಏಕಿರಬಾರದು? ಶೋಧ ಪರೀಕ್ಷೆಯ ವರದಿಯ ಮೊದಲ ಸಾಲಿನಲ್ಲಿಯೇ ‘ಇದು ರೋಗನಿರ್ಣಯವಲ್ಲ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಅಚ್ಚಾಗಲಿ. ತೊಂಬತ್ತೊಂಬತ್ತರ ಪಕ್ಕದಲ್ಲಿ ಆ ವಯಸ್ಸಿನ ತಾಯಿಗೆ ಅನ್ವಯಿಸುವ ನಿಜವಾದ ಸಂಭವವನ್ನೂ ನಮೂದಿಸಲಿ. ಅನುವಂಶೀಯ ಸಲಹೆ ರಕ್ತ ತೆಗೆಯುವ ಮೊದಲೇ ದೊರೆಯಲಿ. ಅದು ಬೆಂಗಳೂರಿಗೆ ಬರಲು ಶಕ್ತರಾದವರ ಪಾಲಿಗೆ ಮಾತ್ರ ಉಳಿಯದೆ ಜಿಲ್ಲಾ ಆಸ್ಪತ್ರೆಗಳನ್ನೂ ಮುಟ್ಟಲಿ.

ಅಲ್ಲಿಯವರೆಗೆ ಓದುಗರು ವೈದ್ಯರನ್ನು ಮೂರು ಪ್ರಶ್ನೆ ಕೇಳಿದರೆ ಸಾಕು. ಇದು ಅಂದಾಜೋ, ನಿರ್ಣಯವೋ? ಈ ಪರೀಕ್ಷೆಗೆ ಯಾವುದು ಕಾಣುವುದಿಲ್ಲ? ಉತ್ತರ ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಎಷ್ಟು ವಾರ ಉಳಿದಿರುತ್ತದೆ? ಆ ಭಾನುವಾರ ನಮ್ಮ ಮನೆಯಲ್ಲಿ ಇವುಗಳಲ್ಲಿ ಮೊದಲನೆಯದನ್ನು ಕೇಳಲು ಯಾರೋ ಒಬ್ಬರು ಇದ್ದರು. ಅದು ಆಕಸ್ಮಿಕ. ಒಂದು ಮಗುವಿನ ಅಳಿವು ಉಳಿವು ಅಂಥ ಆಕಸ್ಮಿಕದ ಮೇಲೆ ನಿಲ್ಲಬಾರದು.